ರಜೆಯ ಕೊನೆ ದಿನ ಹಾಸನದಿಂದ ಬಿಡದಿ ವಂಡರ್‌ಲಾಗೆ ಹೋಗಿ ಬರಬಹುದಾ?

ಹೇಮಾವತಿ ದಂಡೆ (ಹಾಸನ) • ಮೇ 25, 2025, ಭಾನುವಾರ

ಎಲ್ಲರಿಗೂ ನಮಸ್ಕಾರ. ಗುರುವಾರ 29ಕ್ಕೆ ಶಾಲೆ ಶುರು. ಏಪ್ರಿಲ್ 11ರಿಂದ ಮಕ್ಕಳಿಬ್ಬರೂ ರಜೆಯಲ್ಲಿದ್ದಾರೆ. ಸಕಲೇಶಪುರದ ಅಜ್ಜಿ ಮನೆ ಆಯಿತು, ಡ್ರಾಯಿಂಗ್ ಕ್ಲಾಸ್ ಆಯಿತು, ಬೇಲೂರು ಹಳೇಬೀಡೂ ಆಯಿತು. ಇನ್ನೊಂದು ದೇವಸ್ಥಾನ ಅಂದರೆ ಕಾರಿನಿಂದ ಇಳಿಯುವುದೇ ಇಲ್ಲ ಅಂತ ಮಗಳು ಹೇಳಿಬಿಟ್ಟಿದ್ದಾಳೆ.

ಪರೀಕ್ಷೆಗೆ ಮೊದಲು ಯಜಮಾನರು ವಂಡರ್‌ಲಾ ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದರು. ಅವರಿಗೆ ಆಫೀಸಿನಲ್ಲಿ ರಜೆ ಸಿಕ್ಕಿರುವುದು 28ರ ಬುಧವಾರ ಮಾತ್ರ. ಅಂದರೆ ಶಾಲೆ ಶುರುವಾಗುವ ಹಿಂದಿನ ದಿನ. ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಯೋಚನೆ. ಮಗ ಎಂಟನೇ ಕ್ಲಾಸಿಗೆ, ಎತ್ತರ ಇದ್ದಾನೆ. ಮಗಳು ಐದನೇ ಕ್ಲಾಸಿಗೆ, 137 ಸೆಂಟಿಮೀಟರ್. ಜೊತೆಗೆ ನಮ್ಮತ್ತೆ ಬರುತ್ತಾರೆ. ಮಳೆ ಬೇರೆ ಹಿಡಿದಿದೆ. ಇದು ಆಗುವ ಮಾತಾ, ಅಥವಾ ಸುಮ್ನೆ ದುಡ್ಡು ದಂಡನಾ? ಹೋಗಿ ಬಂದವರು ಹೇಳಿ.

ಕಾಫಿ ಕಣ (ಚಿಕ್ಕಮಗಳೂರು)

ಬೇಜಾರು ಮಾಡಿಕೊಳ್ಳಬೇಡಿ ಅಕ್ಕಾ, ನನ್ನ ಮಾತು ಕೇಳಿದರೆ ಬೇಡ. ಕಾರಿನಲ್ಲಿ ಏಳು ಗಂಟೆ ಕೂತು ಪಾರ್ಕಿನಲ್ಲಿ ಏಳು ಗಂಟೆ ಇರುವುದು ಯಾವ ಲೆಕ್ಕ? ಅದೂ ಈ ಸಲ ಮುಂಗಾರು ನಿನ್ನೆಯೇ ಕೇರಳಕ್ಕೆ ಬಂದಿದೆ. 2009ರ ನಂತರ ಇಷ್ಟು ಬೇಗ ಬಂದಿದ್ದೇ ಇಲ್ಲ. ನಮ್ಮಲ್ಲಿ ಆಗಲೇ ಜಡಿ ಮಳೆ.

ರಜೆಯ ಕೊನೆ ದಿನಕ್ಕೆ ಅದರದ್ದೇ ಕೆಲಸ ಇದೆ. ಹುಡುಗನಿಗೆ ಕಟಿಂಗ್ ಮಾಡಿಸಬೇಕು. ಎಣ್ಣೆ ಸ್ನಾನ ಆಗಬೇಕು. ಪುಸ್ತಕಕ್ಕೆ ಬೈಂಡ್ ಹಾಕಬೇಕು. ಒಂದೂವರೆ ತಿಂಗಳು ಹತ್ತು ಗಂಟೆಗೆ ಎದ್ದ ಮಕ್ಕಳನ್ನು ಅವತ್ತು ಬೇಗ ಮಲಗಿಸಬೇಕು. ಮಕ್ಕಳಿಗೆ ಹೊರಗೆ ಹೋಗಲೇಬೇಕು ಅಂದರೆ ಗೊರೂರು ಡ್ಯಾಮ್ ಹತ್ತಿರವೇ ಇದೆಯಲ್ಲ.

ಹೇಮಾವತಿ ದಂಡೆ

ಗೊರೂರಿಗೆ ಈ ರಜೆಯಲ್ಲೇ ಹೋಗಿ ಬಂದೆವು ಸರ್. ಮಕ್ಕಳು ನೀರು ನೋಡಿದರು, ಜೋಳ ತಿಂದರು, ವಾಪಸ್ ಬಂದೆವು. ಅವರಿಗೆ ನೀರು ನೋಡುವುದಲ್ಲ, ನೀರಿನಲ್ಲಿ ಬೀಳಬೇಕು. ಬೈಂಡ್ ಹಾಕುವ ಕೆಲಸ ಮಂಗಳವಾರವೇ ಮುಗಿಸುತ್ತೇನೆ.

ಫಿಸಿಕ್ಸ್ ಮೇಷ್ಟ್ರು (ಚಿಕ್ಕಮಗಳೂರು)

ಶಾಲೆಯ ಕಡೆಯಿಂದ ಒಂದು ಮಾತು. ಮೊದಲ ದಿನ ಪಾಠ ಎಲ್ಲಿ ನಡೆಯುತ್ತದೆ? ತಳಿರು ತೋರಣ ಕಟ್ಟಿ ಪ್ರಾರಂಭೋತ್ಸವ ಮಾಡುತ್ತೇವೆ, ಸಿಹಿ ಕೊಡುತ್ತೇವೆ, ಪುಸ್ತಕ ಹಂಚುತ್ತೇವೆ. ಹಾಜರಿ ಕೂಗುವಾಗ ಅರ್ಧ ಜನ ಬಂದಿರುವುದಿಲ್ಲ. ಬಂದವರಲ್ಲೂ ಕೆಲವರು ಬೆಂಚಿನ ಮೇಲೆ ತೂಕಡಿಸುತ್ತಾರೆ. ನಿಮ್ಮ ಮಕ್ಕಳು ತೂಕಡಿಸಿದರೆ ಯಾವ ಮೇಷ್ಟ್ರೂ ಬೈಯುವುದಿಲ್ಲ, ನಾನಂತೂ ಬೈಯುವುದಿಲ್ಲ.

ಇನ್ನೊಂದು ವಿಷಯ. ಆ ಬುಧವಾರ ಕಾಫಿ ಕಣ ಸರ್ ಹೇಳಿದ ಕೆಲಸವನ್ನೇ ಊರಿನವರೆಲ್ಲ ಮಾಡುತ್ತಿರುತ್ತಾರೆ. ಎಲ್ಲರೂ ಅಂಗಡಿಯಲ್ಲಿ ಬೈಂಡ್ ಶೀಟ್ ಕೊಳ್ಳುವಾಗ ಪಾರ್ಕಿನಲ್ಲಿ ಕ್ಯೂ ಕಡಿಮೆ ಇರುತ್ತದೆ. ವಾರದ ಮಧ್ಯದ ದಿನ ಬೇರೆ. ಟಿಕೆಟ್ ದರವೂ ಶನಿವಾರ ಭಾನುವಾರಕ್ಕಿಂತ ಕಡಿಮೆ. ಮಗನ ಶಾಲೆಯ ಐಡಿ ಕಾರ್ಡ್ ಇಟ್ಟುಕೊಳ್ಳಿ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇರುತ್ತದೆ, ಷರತ್ತು ಏನು ಅಂತ ವೆಬ್‌ಸೈಟ್‌ನಲ್ಲಿ ಮೊದಲೇ ಓದಿಕೊಳ್ಳಿ.

ಕುಣಿಗಲ್ ತಿರುವು (ಹಾಸನ)

ದಾರಿ ಬಗ್ಗೆ ನಾನು ಹೇಳುತ್ತೇನೆ. ನಾನು ಈ ರೂಟಿನಲ್ಲಿ ಟ್ಯಾಕ್ಸಿ ಓಡಿಸುವವನು.

ಮ್ಯಾಪ್ ನಿಮ್ಮನ್ನು ನೆಲಮಂಗಲದವರೆಗೆ ಕರೆದುಕೊಂಡು ಹೋಗಿ, ನೈಸ್ ರಸ್ತೆ ಹತ್ತಿಸಿ, ಮೈಸೂರು ರಸ್ತೆಗೆ ಇಳಿಸಿ ಬಿಡದಿಗೆ ಕಳಿಸಬಹುದು. ಅದು ಸುತ್ತು. ಟೋಲೂ ಜಾಸ್ತಿ. ಶಾಂತಿಗ್ರಾಮ, ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್ ದಾಟಿ ಕುಣಿಗಲ್‌ವರೆಗೆ ಹೈವೇಯಲ್ಲೇ ಹೋಗಿ. ಅಲ್ಲಿಂದ ಮಾಗಡಿ ಕಡೆ ತಿರುಗಿ, ಮಾಗಡಿಯಿಂದ ಬಿಡದಿ. ಒಟ್ಟು 170 ಕಿಲೋಮೀಟರ್ ಆಸುಪಾಸು. ಮಾಗಡಿ ಕಡೆಯ ರಸ್ತೆ ಸಣ್ಣದು, ತಿರುವು ಇದೆ. ವಾಂತಿ ಮಾಡುವ ಮಕ್ಕಳಿದ್ದರೆ ಅಲ್ಲಿಗೆ ಬರುವ ಮೊದಲು ಹೊಟ್ಟೆ ತುಂಬಿಸಬೇಡಿ.

ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿನ್ನಿ. ಇಲ್ಲಿಂದ ಆರು ಗಂಟೆಗೆ ಬಿಟ್ಟರೆ ಇಡ್ಲಿ ತಿಂದು, ಕಾಫಿ ಕುಡಿದು, ಗೇಟು ತೆಗೆಯುವ ಮೊದಲೇ ಅಲ್ಲಿರುತ್ತೀರಿ.

ವಾಪಸ್ ಬರುವಾಗ ಮಾತ್ರ ಮಾಗಡಿ ಬೇಡ. ರಾತ್ರಿ, ಮಳೆ, ಡ್ರೈವರೂ ದಣಿದಿರುತ್ತಾರೆ. ಎಕ್ಸ್‌ಪ್ರೆಸ್‌ವೇ ಹಿಡಿದು ಮದ್ದೂರಿಗೆ ಬನ್ನಿ, ಅಲ್ಲಿಂದ ಹುಲಿಯೂರುದುರ್ಗದ ಮೇಲೆ ಕುಣಿಗಲ್. ಸ್ವಲ್ಪ ಜಾಸ್ತಿ ದೂರ, ಆದರೆ ನಾನು ರಾತ್ರಿ ಹೊತ್ತು ಅದನ್ನೇ ಹಿಡಿಯುತ್ತೇನೆ. ಯಜಮಾನರು ಅಲ್ಲಿ ಎಲ್ಲ ಆಟ ಆಡಿ ತಲೆ ತಿರುಗಿಸಿಕೊಂಡು ಸ್ಟೇರಿಂಗ್ ಹಿಡಿಯುವುದು ಬೇಡ. ಓಡಿಸುವವರು ಸಂಜೆ ನಾಲ್ಕರ ಮೇಲೆ ಆಟಕ್ಕೆ ಹೋಗಲೇಬಾರದು. ಇದನ್ನು ದಯವಿಟ್ಟು ಪಾಲಿಸಿ.

ಅರಸೀಕೆರೆ ಜಂಕ್ಷನ್

ಇಷ್ಟೆಲ್ಲ ಕಷ್ಟ ಯಾಕೆ? ಮೈಸೂರಿಗೆ ಹೋಗಿ. ಹಾಸನದಿಂದ ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ರೈಲು ಇದೆ. ಮೇಟಗಳ್ಳಿಯಲ್ಲಿ ಕೆಆರ್‌ಎಸ್ ರಸ್ತೆಯ ಮೇಲೇ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ಸ್ಟೇಷನ್ನಿನಿಂದ ಆಟೋದಲ್ಲಿ ಹೋಗಬಹುದು. ಸುಮಾರು 30 ಎಕರೆ ಇದೆ. ಬಿಡದಿಯ 82 ಎಕರೆಗೆ ಹೋಲಿಸಿದರೆ ಚಿಕ್ಕದು ನಿಜ. ಆದರೆ ಒಂದು ದಿನದಲ್ಲಿ 82 ಎಕರೆ ಯಾರು ಸುತ್ತುತ್ತಾರೆ? ಅತ್ತೆಯವರ ಕಾಲಿಗೂ ಅದೇ ಒಳ್ಳೆಯದು.

ಬಸ್ಸಾದರೆ ನೀವು, ಅತ್ತೆ, ಮಗಳು ಮೂವರಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. ಸಾದಾ ಬಸ್, ಎಕ್ಸ್‌ಪ್ರೆಸ್ ಬಸ್ ಹತ್ತಬೇಕು, ರಾಜಹಂಸ ಅಲ್ಲ. ಆಧಾರ್ ಜೊತೆಯಲ್ಲಿರಲಿ. ಉಳಿದ ದುಡ್ಡಿನಲ್ಲಿ ಮಧ್ಯಾಹ್ನ ಊಟ ಆಗುತ್ತದೆ.

ಹೇಮಾವತಿ ದಂಡೆ

ಮಗ ಒಪ್ಪುತ್ತಿಲ್ಲ. ಅವನಿಗೆ ರಿಕಾಯಿಲ್ ಅನ್ನುವ ರೋಲರ್ ಕೋಸ್ಟರ್ ಬೇಕಂತೆ. ಅವನ ಫ್ರೆಂಡ್ಸ್ ಎಲ್ಲ ಶಾಲೆಯ ಟೂರಿನಲ್ಲಿ ಹತ್ತಿ ಬಂದಿದ್ದಾರೆ. ಆಗ ಇವನಿಗೆ ಜ್ವರ ಇತ್ತು. ಅಂದರೆ ಇದು ಬರೀ ರಜೆ ವಿಷಯ ಅಲ್ಲ, ಗುರುವಾರ ಕ್ಲಾಸಿನಲ್ಲಿ ಹೇಳಿಕೊಳ್ಳುವ ವಿಷಯ. ನನಗೂ ಈಗ ಅರ್ಥವಾಯಿತು.

ಮೂಡಿಗೆರೆ ಛತ್ರಿ

ನಾನು ಹಿಂದೆ ಒಂದು ವಾಟರ್ ಪಾರ್ಕಿನಲ್ಲಿ ಲೈಫ್‌ಗಾರ್ಡ್ ಆಗಿದ್ದೆ. ಯಾರೂ ಬಟ್ಟೆ ವಿಷಯ ಎತ್ತಲಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀರಿನ ಆಟಕ್ಕೆ ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಆಗಬೇಕು. ಕಾಟನ್ ಟೀ ಶರ್ಟ್, ಜೀನ್ಸ್, ಸೀರೆ, ಚೂಡಿದಾರ್, ಪಂಚೆ ಯಾವುದೂ ನಡೆಯುವುದಿಲ್ಲ. ಜನ ಇದಕ್ಕೆ ಗೇಟಿನಲ್ಲಿ ಜಗಳ ಆಡುತ್ತಾರೆ. ಅಲ್ಲೇ ಬಟ್ಟೆ ಮಾರುತ್ತಾರಲ್ಲ, ವ್ಯಾಪಾರಕ್ಕೆ ಹೀಗೆ ಮಾಡುತ್ತಾರೆ ಅಂತ ಅಂದುಕೊಳ್ಳುತ್ತಾರೆ. ಕಾರಣ ಬೇರೆಯೇ ಇದೆ. ಕಾಟನ್ ನೀರು ಕುಡಿದು ಭಾರ ಆಗುತ್ತದೆ, ಬಿದ್ದವರು ಏಳುವುದು ಕಷ್ಟ. ಅದರ ನೂಲು, ಹಿಂಜು ನೀರಿಗೆ ಬಿಟ್ಟು ಫಿಲ್ಟರ್ ಕಟ್ಟುತ್ತದೆ. ಜಿಪ್ಪು, ಲೋಹದ ಗುಂಡಿ ಜಾರುಬಂಡೆಯ ಫೈಬರನ್ನು ಗೀರುತ್ತದೆ. ಆ ಗೀರು ಹಿಂದೆ ಬರುವವರ ಬೆನ್ನನ್ನು ತರಚುತ್ತದೆ. ವೇಲು, ಸೆರಗು ಎಲ್ಲಾದರೂ ಸಿಕ್ಕಿಕೊಂಡರೆ ಕೇಳುವುದೇ ಬೇಡ. ಊರಿನಲ್ಲೇ ತೆಗೆದುಕೊಂಡು ಹೋಗಿ, ಅಗ್ಗ ಬೀಳುತ್ತದೆ.

ವೇವ್ ಪೂಲ್ ಬಗ್ಗೆ ಇನ್ನೊಂದು. ಆಳದ ಕಡೆಯ ಗೋಡೆ ಹಿಂದೆ ಕೋಣೆಗಳಿರುತ್ತವೆ. ಅದರೊಳಗೆ ದೊಡ್ಡ ಫ್ಯಾನಿನಿಂದ ಗಾಳಿ ನುಗ್ಗಿಸಿ, ನೀರನ್ನು ಒತ್ತಿ ಬಿಡುತ್ತಾರೆ. ಅದೇ ಅಲೆ. ಸದಾ ಇರುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ನಿಲ್ಲಿಸುತ್ತಾರೆ. ಅಲೆ ಶುರುವಾದ ಕೂಡಲೇ ಜನ ಹೋ ಅಂತ ಮುಂದೆ ನುಗ್ಗುತ್ತಾರೆ. ನಾನು ಎತ್ತಿ ಹೊರಗೆ ತಂದ ಮಕ್ಕಳಲ್ಲಿ ಜಾಸ್ತಿ ಜನ ಆಳದಲ್ಲಿ ಇದ್ದವರಲ್ಲ. ಸೊಂಟದಷ್ಟು ನೀರಿನಲ್ಲಿ, ಅಪ್ಪ ಅಮ್ಮ ಎರಡು ಹೆಜ್ಜೆ ದೂರದಲ್ಲಿ ಫೋಟೋ ತೆಗೆಯುತ್ತಿದ್ದಾಗ ಬಿದ್ದವರು. ಮಗಳ ಕೈ ನಿಮ್ಮ ಕೈಗೆ ಎಟುಕಬೇಕು. ಅಲೆ ಬರುವ ಕಡೆ ನೀವು ನಿಲ್ಲಿ, ಅವಳು ನಿಮ್ಮ ಹಿಂದೆ ಇರಲಿ. ಗೋಡೆ ಪಕ್ಕ ಬೇಡ. ಟ್ಯೂಬು ಹಿಡಿದವರ ಹತ್ತಿರವೂ ಬೇಡ.

ಮಳೆಗೆ ಹೆದರಬೇಡಿ. ತುಂತುರಿಗೆ ನೀರಿನ ಆಟ ನಿಲ್ಲುವುದಿಲ್ಲ, ಹೇಗಿದ್ದರೂ ನೆನೆಯುತ್ತೀರಿ. ಗುಡುಗು ಮಿಂಚು ಬಂದರೆ ಎಲ್ಲರನ್ನೂ ನೀರಿನಿಂದ ಹೊರಗೆ ಕರೆಯುತ್ತಾರೆ. ಎತ್ತರದ ಆಟಗಳನ್ನು ಜೋರು ಗಾಳಿಗೂ ನಿಲ್ಲಿಸುತ್ತಾರೆ. ಆದ್ದರಿಂದ ಮಗನ ರಿಕಾಯಿಲ್ ಬೆಳಿಗ್ಗೆಯೇ ಮುಗಿಸಿ. ಸಂಜೆ ಮೋಡ ಕಟ್ಟುತ್ತದೆ. ನೀರಿನ ಆಟ ಮಧ್ಯಾಹ್ನ ಶುರುವಾಗಿ ಐದರ ಹೊತ್ತಿಗೆ ಮುಗಿಯುತ್ತದೆ. ಆ ದಿನದ ಸಮಯ ಒಮ್ಮೆ ನೋಡಿಕೊಂಡು ಹೊರಡಿ.

137 ಸೆಂಟಿಮೀಟರ್ ಅಂದರೆ ಮಗಳಿಗೆ ಮಕ್ಕಳ ಟಿಕೆಟ್. ಅಲ್ಲಿ 85ಕ್ಕಿಂತ ಕಡಿಮೆ ಇದ್ದರೆ ಉಚಿತ, 140ರವರೆಗೆ ಮಕ್ಕಳ ದರ. ಆದರೆ ದೊಡ್ಡ ಆಟಗಳಿಗೆ 140 ಬೇಕು. ಅಳತೆ ಕೋಲಿನ ಹತ್ತಿರ ಹಿಮ್ಮಡಿ ಎತ್ತಿಸುವ ತಂದೆ ತಾಯಿಗಳನ್ನು ನಾನು ತುಂಬಾ ನೋಡಿದ್ದೇನೆ. ದಯವಿಟ್ಟು ಬೇಡ. ಭುಜದ ಮೇಲೆ ಬರುವ ಪಟ್ಟಿ ದೊಡ್ಡ ಮೈಗೆ ಅಂತ ಮಾಡಿದ್ದು. ಚಿಕ್ಕವರಿಗೆ ಸರಿಯಾಗಿ ಕೂರುವುದಿಲ್ಲ. ಅವಳಿಗೆ ಇದನ್ನು ಮನೆಯಲ್ಲೇ ಹೇಳಿಬಿಡಿ. ಅಲ್ಲಿ ಹೋಗಿ ಗೊತ್ತಾದರೆ ಅಳು.

ತೊಟ್ಟಿಲು ತಾತ (ಬೇಲೂರು)

ಎಲ್ಲರೂ ಮಕ್ಕಳ ಬಗ್ಗೆ ಬರೆದಿದ್ದೀರಿ. ಅತ್ತೆ ಬಗ್ಗೆ ಬರೆದವರು ಅವರ ಕಾಲಿನ ಬಗ್ಗೆ ಮಾತ್ರ ಬರೆದಿದ್ದೀರಿ.

ನನ್ನನ್ನೂ ಹೀಗೆ ಕರೆದುಕೊಂಡು ಹೋಗಿದ್ದರು. ಒಂದು ಕಲ್ಲು ಬೆಂಚಿನ ಮೇಲೆ ಕೂರಿಸಿ, ಎಲ್ಲರ ಚಪ್ಪಲಿ, ಮೊಬೈಲು, ಕನ್ನಡಕ, ಒಣ ಬಟ್ಟೆ ನನ್ನ ಮಡಿಲಿಗೆ ಹಾಕಿ ಹೋದರು. ಸಂಜೆವರೆಗೆ ನಾನು ಅಲ್ಲೇ. ಟಿಕೆಟ್ ಕೊಂಡು ಕಾವಲು ಕೂತವನು ನಾನೊಬ್ಬನೇ ಅಲ್ಲ, ಅಕ್ಕಪಕ್ಕದ ಬೆಂಚಿನಲ್ಲೂ ನನ್ನ ವಯಸ್ಸಿನವರೇ. ಲಾಕರ್ ಬಾಡಿಗೆಗೆ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ತಾಯಿ, ಲಾಕರ್ ತೆಗೆದುಕೊಳ್ಳಿ. ನಿಮ್ಮ ಅತ್ತೆಯನ್ನು ಏನು ಹತ್ತುತ್ತೀರಿ ಅಂತ ಕೇಳಿ. ನಾವು ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಮರದ ತೊಟ್ಟಿಲನ್ನು ಇಬ್ಬರು ಆಳು ಕೈಯಲ್ಲಿ ತಿರುಗಿಸುತ್ತಿದ್ದರು, ಪಟ್ಟಿ ಗಿಟ್ಟಿ ಏನೂ ಇರಲಿಲ್ಲ. ಅದರಲ್ಲಿ ಕೂತವರಿಗೆ ನಿಮ್ಮ ಜೈಂಟ್ ವೀಲ್ ಏನು ಮಹಾ? ಬಿಪಿ, ಹೃದಯದ ತೊಂದರೆ, ಆಪರೇಷನ್ ಆಗಿದ್ದರೆ ಮಾತ್ರ ಜೋರಾದ ಆಟಗಳ ಹತ್ತಿರ ಹೋಗಬಾರದು, ಅಲ್ಲಿ ಬೋರ್ಡೇ ಹಾಕಿರುತ್ತಾರೆ. ನಿಧಾನದ ಆಟ ಬೇಕಾದಷ್ಟು ಇರುತ್ತವೆ.

ಹೇಮಾವತಿ ದಂಡೆ

ತಾತ, ಇದನ್ನು ಅತ್ತೆಗೆ ಓದಿ ಹೇಳಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಮಂಡಿ ಸ್ವಲ್ಪ. ‘ಯಾರವರು, ಬೇಲೂರಲ್ಲಿ ಯಾವ ಬೀದಿ’ ಅಂತ ಕೇಳಿದರು. ಲಾಕರ್ ಖಂಡಿತ.

ಕಾಫಿ ಕಣ

ಸರಿ, ಎಲ್ಲರೂ ಸೇರಿ ಹೊರಡಿಸಿಬಿಟ್ಟಿರಿ. ಮೇಷ್ಟ್ರೇ, ಒಂದು ಪ್ರಶ್ನೆ. ಅಷ್ಟು ದುಡ್ಡು ಕೊಟ್ಟು ಎರಡು ನಿಮಿಷ ತಲೆಕೆಳಗಾಗುವುದರಲ್ಲಿ ಏನಿದೆ? ಚಾರ್ಮಾಡಿ ಘಾಟಿಯಲ್ಲಿ ನಮ್ಮ ಬಸ್ ಹತ್ತಿದರೆ ಅದೇ ಅನುಭವ ಸಾದಾ ಟಿಕೆಟ್ಟಿಗೇ ಸಿಗುತ್ತದೆ.

ಫಿಸಿಕ್ಸ್ ಮೇಷ್ಟ್ರು

ಹೆಹೆ. ನನ್ನನ್ನು ಕೆಣಕಿದಿರಿ, ಈಗ ಓದಬೇಕು.

ರಿಕಾಯಿಲ್ ಬೂಮರಾಂಗ್ ಅನ್ನುವ ಮಾದರಿಯ ಕೋಸ್ಟರ್. ಹಳಿ ಸುತ್ತಿ ಬಂದು ಸೇರುವುದಿಲ್ಲ, ಎರಡು ತುದಿಯೂ ಮೇಲಕ್ಕೆ ಎದ್ದು ನಿಂತಿರುತ್ತವೆ. ಬಂಡಿಯನ್ನು ಹಿಂದಕ್ಕೆ ಎಳೆದು ಸುಮಾರು 35 ಮೀಟರ್ ಎತ್ತರಕ್ಕೆ ಒಯ್ದು ಬಿಟ್ಟುಬಿಡುತ್ತಾರೆ. ಅಷ್ಟೇ. ಆಮೇಲೆ ಎಂಜಿನ್ ಇಲ್ಲ. ಬಿದ್ದ ವೇಗದಲ್ಲೇ ಮೂರು ಸಲ ತಲೆಕೆಳಗಾಗಿ ಆ ಕಡೆಯ ಏರು ಹತ್ತುತ್ತದೆ. ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ, ಇನ್ನೂ ಮೂರು ಸಲ. ಹಿಂದಕ್ಕೆ ಹೋಗುವಾಗ ಮುಂದೇನು ಅಂತ ಕಾಣುವುದಿಲ್ಲ, ಅದಕ್ಕೇ ಕಿರುಚಾಟ ಜಾಸ್ತಿ.

ಎಂಟನೇ ಕ್ಲಾಸಿನ ಹುಡುಗನಿಗೆ ಒಂದು ಕೆಲಸ ಕೊಡಿ. ಬಂಡಿ ಆ ಕಡೆಯ ಏರಿನಲ್ಲಿ ತಾನಾಗೇ ತುದಿವರೆಗೆ ಹೋಗುತ್ತದಾ ಅಂತ ಕೆಳಗೆ ನಿಂತು ನೋಡಲಿ. ಹೋಗುವುದಿಲ್ಲ. ಗಾಳಿ, ಚಕ್ರದ ಘರ್ಷಣೆ ಶಕ್ತಿಯನ್ನು ತಿಂದಿರುತ್ತವೆ. ಅಲ್ಲಿ ಇನ್ನೊಂದು ಸರಪಳಿ ಹಿಡಿದು ಮೇಲಕ್ಕೆ ಎಳೆಯುತ್ತದೆ. ಇಲ್ಲದಿದ್ದರೆ ವಾಪಸ್ ಬರಲು ಎತ್ತರ ಸಾಲುವುದಿಲ್ಲ. 35 ಮೀಟರಿನಿಂದ ಏನೂ ತಡೆಯಿಲ್ಲದೆ ಬಿದ್ದರೆ ಲೆಕ್ಕದ ಪ್ರಕಾರ ಗಂಟೆಗೆ 94 ಕಿಲೋಮೀಟರ್ ವೇಗ ಬರಬೇಕು. ಈ ಮಾದರಿಯ ಬಂಡಿಗಳ ವೇಗ 75ರ ಆಸುಪಾಸು. ಹಳಿ ನೆಲದವರೆಗೆ ಇಳಿಯುವುದಿಲ್ಲ, ಘರ್ಷಣೆಯೂ ಇದೆ.

ಸುರುಳಿಯ ಆಕಾರವನ್ನೂ ನೋಡಲಿ. ಪೂರ್ತಿ ದುಂಡಗಿರುವುದಿಲ್ಲ, ಮೇಲೆ ಕಿರಿದು, ಕೆಳಗೆ ಅಗಲ. ದುಂಡಗಿದ್ದರೆ ಸುರುಳಿ ದಾಟಲು ಬೇಕಾದ ವೇಗದಲ್ಲಿ ಬುಡಕ್ಕೆ ಬರುವಾಗ ನಮ್ಮ ತೂಕ ಆರು ಪಟ್ಟು ಅನ್ನಿಸುತ್ತದೆ. ಕತ್ತಿಗೆ ಆಗದು. ಚಾರ್ಮಾಡಿ ಬಸ್ಸಿನಲ್ಲಿ ಇದ್ಯಾವುದೂ ಇಲ್ಲ ಸರ್, ಅಲ್ಲಿ ಬರೀ ಡ್ರೈವರ್ ಮೇಲೆ ಭಾರ.

ಅರಸೀಕೆರೆ ಜಂಕ್ಷನ್

ಮೇಷ್ಟ್ರೇ, ನಿಮ್ಮ ಕ್ಲಾಸಿನಲ್ಲಿ ಓದಬೇಕಿತ್ತು.

ಒಂದು ಎಚ್ಚರಿಕೆ. ಒಂದು ಪಾರ್ಕಿಗೆ, ಹೆಸರು ಬೇಡ, ನಾವು ಮಳೆಗಾಲದಲ್ಲಿ ಹೋದಾಗ ಅರ್ಧ ಆಟಗಳ ಮುಂದೆ ರಿಪೇರಿ ಬೋರ್ಡು. ಟಿಕೆಟ್ ಮಾತ್ರ ಪೂರ್ತಿ. ಆದ್ದರಿಂದ ಹಿಂದಿನ ದಿನ ಫೋನ್ ಮಾಡಿ, ನಿಮಗೆ ಬೇಕಾದ ಆಟದ ಹೆಸರು ಹೇಳಿ, ನಡೆಯುತ್ತಿದೆಯಾ ಅಂತ ಕೇಳಿ.

ಹೇಮಾವತಿ ದಂಡೆ • ಮೇ 29, ಗುರುವಾರ

ಹೋಗಿ ಬಂದೆವು! ಮಕ್ಕಳನ್ನು ಶಾಲೆಗೆ ಕಳಿಸಿ ಈಗ ಕೂತಿದ್ದೇನೆ. ಇಬ್ಬರೂ ಎದ್ದರು, ಹೋದರು. ಬೈಂಡ್ ಹಾಕಿದ್ದೆ, ಲೇಬಲ್ ಅಂಟಿಸುವುದು ಬಾಕಿ.

ಮಂಗಳವಾರವೇ ಫೋನ್ ಮಾಡಿ ರಿಕಾಯಿಲ್ ನಡೆಯುತ್ತಿದೆ ಅಂತ ಕೇಳಿಕೊಂಡಿದ್ದೆ. ಮಾಗಡಿ ದಾರಿಯಲ್ಲಿ ಯಾರೂ ವಾಂತಿ ಮಾಡಲಿಲ್ಲ. ತಟ್ಟೆ ಇಡ್ಲಿಯನ್ನು ಅತ್ತೆ ಎರಡು ತಿಂದರು. ಹೊರಗಿನ ತಿಂಡಿ ಪಾರ್ಕಿನ ಒಳಗೆ ಬಿಡುವುದಿಲ್ಲ, ಹಾಗಾಗಿ ಮಾಡಿಕೊಂಡು ಹೋಗಿದ್ದ ಚಪಾತಿ ಕಾರಿನಲ್ಲೇ ಉಳಿಯಿತು. ಅದು ವಾಪಸ್ ಬರುವಾಗ ಖಾಲಿಯಾಯಿತು.

ಮೊದಲು ಹೋಗಿದ್ದೇ ರಿಕಾಯಿಲ್‌ಗೆ. ಕ್ಯೂ ಚಿಕ್ಕದಿತ್ತು. ಮಗ ಕೆಳಗೆ ನಿಂತು ಎರಡು ಸಲ ಬಂಡಿ ನೋಡಿದ. ‘ಸರಪಳಿ ಎಳೀತಿದೆ ಅಮ್ಮಾ’ ಅಂತ ತೋರಿಸಿದ. ನನಗೆ ಅವನು ಹೆದರಿ ಹೊತ್ತು ಕಳೆಯುತ್ತಿದ್ದಾನೆ ಅನ್ನಿಸಿತು. ಆಮೇಲೆ ಅಪ್ಪ ಮಗ ಹತ್ತಿದರು. ಇಳಿದ ಮೇಲೆ ಮಗ ಇನ್ನೊಂದು ಸಲ ಅಂದ. ಯಜಮಾನರು ನಿಂಬೆ ಸೋಡಾ ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ಮಗಳಿಗೆ ಮನೆಯಲ್ಲೇ ಹೇಳಿದ್ದೆ. ಆದರೂ ಕೋಲಿನ ಹತ್ತಿರ ನಿಂತು ನೋಡಿಕೊಂಡಳು. ಮುಖ ಸಣ್ಣದಾಯಿತು, ಅಳಲಿಲ್ಲ. ‘ಮುಂದಿನ ವರ್ಷ ಮೂರು ಸೆಂಟಿಮೀಟರ್ ಬೆಳೀತೀನಿ ಅಲ್ವಾ’ ಅಂತ ಅಳತೆ ನೋಡುವವರನ್ನೇ ಕೇಳಿದಳು. ನೀರಿಗೆ ಇಳಿದ ಮೇಲೆ ಅವಳದ್ದೇ ರಾಜ್ಯ. ವೇವ್ ಪೂಲಿನಲ್ಲಿ ಮೂಡಿಗೆರೆಯವರು ಹೇಳಿದ ಹಾಗೇ ನಿಂತೆ, ನಾನು ಮುಂದೆ, ಅವಳು ಹಿಂದೆ. ಅಲೆ ಬಂದಾಗ ನಾನೇ ಹಿಂದಕ್ಕೆ ಹೋಗಿ ಅವಳ ಮೇಲೆ ಬಿದ್ದೆ, ಅದು ಬೇರೆ ಮಾತು. ರೈನ್ ಡಿಸ್ಕೋದಲ್ಲಿ ಬೆಚ್ಚಗಿನ ನೀರು. ಹೊರಗೆ ತುಂತುರು ಮಳೆ, ತಣ್ಣನೆ ಗಾಳಿ. ಅಲ್ಲಿಂದ ಯಾರೂ ಹೊರಡಲು ತಯಾರಿಲ್ಲ.

ಅತ್ತೆ ಸೀರೆಯಲ್ಲೇ ಇದ್ದರು, ನೀರಿಗೆ ಇಳಿಯಲಿಲ್ಲ. ನಿಧಾನದ ಆಟಗಳನ್ನು ಅಲ್ಲಿಯವರನ್ನು ಕೇಳಿ ಕೇಳಿ ಹತ್ತಿದರು. ಕುದುರೆ ತಿರುಗುವ ಆಟದಲ್ಲಿ ಮೊಮ್ಮಗಳ ಜೊತೆ ಕೂತರು, ಮುಗಿದ ಮೇಲೆ ಇಳಿಯಲೇ ಇಲ್ಲ, ಇನ್ನೊಂದು ಸುತ್ತಿಗೆ ಅಲ್ಲೇ ಕೂತರು. ನಾವು ನೀರಿನಲ್ಲಿದ್ದಾಗ ಸ್ವಲ್ಪ ಹೊತ್ತು ಬೆಂಚಿನಲ್ಲಿ ಕೂತಿದ್ದರು. ಆದರೆ ಮಡಿಲಲ್ಲಿ ಯಾರ ಚಪ್ಪಲಿಯೂ ಇರಲಿಲ್ಲ ತಾತ. ಒಂದು ಐಸ್‌ಕ್ರೀಮ್ ಇತ್ತು.

ಸಂಜೆ ಗುಡುಗು ಶುರುವಾಗಿ ಎಲ್ಲರನ್ನೂ ನೀರಿನಿಂದ ಕರೆದರು. ನಾವು ಅಷ್ಟು ಹೊತ್ತಿಗೆ ಹೊರಡುವವರೇ. ಯಜಮಾನರು ನಾಲ್ಕರ ಮೇಲೆ ಏನೂ ಹತ್ತಲಿಲ್ಲ. ಹತ್ತುವ ಹಾಗೆಯೂ ಇರಲಿಲ್ಲ. ಮದ್ದೂರು ದಾರಿಯಲ್ಲೇ ಬಂದೆವು. ಮಧ್ಯೆ ವಡೆಗೆ ನಿಂತಿದ್ದರಿಂದ ಮನೆ ಸೇರುವಾಗ ಹನ್ನೊಂದರ ಹತ್ತಿರ. ಕಾಫಿ ಕಣ ಸರ್, ಕಟಿಂಗ್ ಮಾತ್ರ ಆಗಲಿಲ್ಲ.

ಕಾಫಿ ಕಣ

ಭಾನುವಾರ ಮಾಡಿಸಿ ಬಿಡಿ. ದುಡ್ಡು ಎಷ್ಟಾಯಿತು ಅಂತ ಕೇಳುವುದಿಲ್ಲ. ನನ್ನ ಮೊಮ್ಮಗ ಈ ಚರ್ಚೆಯನ್ನು ನನ್ನ ಫೋನಿನಲ್ಲಿ ಓದಿಬಿಟ್ಟಿದ್ದಾನೆ. ದಸರಾ ರಜೆಗೆ ಅಂತ ಈಗಲೇ ಶುರು ಮಾಡಿದ್ದಾನೆ. ಅವನು 128 ಸೆಂಟಿಮೀಟರ್. ಚಿಕ್ಕಮಗಳೂರಿನಿಂದ ಇನ್ನೂ ದೂರ, ಒಂದೇ ದಿನದಲ್ಲಿ ಆಗುವುದಿಲ್ಲ.

ಅರಸೀಕೆರೆ ಜಂಕ್ಷನ್

ಅದಕ್ಕೇ ಹೇಳುವುದು ಸರ್, ಮೈಸೂರು. ದಸರಾದಲ್ಲಿ ವಸ್ತುಪ್ರದರ್ಶನವೂ ಇರುತ್ತದೆ. ಹಗಲು ಪಾರ್ಕ್, ಸಂಜೆ ದೀಪ, ಎಕ್ಸಿಬಿಷನ್, ಡೆಲ್ಲಿ ಹಪ್ಪಳ. 128ಕ್ಕೆ ಅಷ್ಟು ಸಾಕು. ರೂಮು ಮಾತ್ರ ಈಗಲೇ ಬುಕ್ ಮಾಡಿ.

ಕುಣಿಗಲ್ ತಿರುವು

ಅಕ್ಕಾ, ಡ್ರೈವರ್ ನಿಯಮ ಪಾಲಿಸಿದ್ದಕ್ಕೆ ಥ್ಯಾಂಕ್ಸ್. ಆ ನೈಲಾನ್ ಬಟ್ಟೆ ಹಾಸನದಲ್ಲಿ ಎಲ್ಲಿ ತೆಗೆದುಕೊಂಡಿರಿ? ನನ್ನ ಗಿರಾಕಿಗಳು ಕೇಳುತ್ತಿರುತ್ತಾರೆ.

ಹೇಮಾವತಿ ದಂಡೆ

ಕಟ್ಟಿನಕೆರೆ ಮಾರ್ಕೆಟ್ ಕಡೆ ಒಂದು ಸ್ಪೋರ್ಟ್ಸ್ ಅಂಗಡಿಯಲ್ಲಿ. ಕಬಡ್ಡಿ ಆಡುವವರು ಹಾಕುವ ನೈಲಾನ್ ಚಡ್ಡಿ, ಟೀ ಶರ್ಟ್ ಕೇಳಿ, ಕೊಡುತ್ತಾರೆ. ಬಟ್ಟೆಯ ಲೇಬಲ್ ನೋಡಿಯೇ ತೆಗೆದುಕೊಳ್ಳಿ. ಒಂದರಲ್ಲಿ ಕಾಟನ್ ಮಿಕ್ಸ್ ಇತ್ತು, ಬದಲಾಯಿಸಿಕೊಂಡೆ.